ಜಾರ್ಜಿಯಾದ ರನ್‌ಆಫ್: ಎಣಿಕೆ ಮುಗಿದ ಮೇಲೆ ಸಹಿ ಹಾಕಬೇಕಾದವರು ಯಾರು?

2020ರ ನವೆಂಬರ್ 3ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸೆನೆಟ್ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಡೇವಿಡ್ ಪರ್ಡ್ಯೂ 24,62,617 ಮತ ಪಡೆದರು. ಡೆಮಾಕ್ರಟಿಕ್ ಪಕ್ಷದ ಜಾನ್ ಆಸಫ್ ಅವರಿಗೆ ಬಿದ್ದದ್ದು 23,74,519. ಅಂತರ 88 ಸಾವಿರಕ್ಕೂ ಹೆಚ್ಚು. ನಮ್ಮಲ್ಲಾಗಿದ್ದರೆ ಅಲ್ಲಿಗೆ ಮುಗಿಯಿತು. ಹಾರ, ಪಟಾಕಿ, ಮೆರವಣಿಗೆ. ಜಾರ್ಜಿಯಾದಲ್ಲಿ ಹಾಗಿಲ್ಲ. ಗೆಲ್ಲುವವರು ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಡೆಯಲೇಬೇಕು ಎಂಬುದು ಅಲ್ಲಿನ ಕಾನೂನು. ಲಿಬರ್ಟೇರಿಯನ್ ಪಕ್ಷದ ಅಭ್ಯರ್ಥಿ 1,15,039 ಮತ ತೆಗೆದುಕೊಂಡಿದ್ದರಿಂದ ಪರ್ಡ್ಯೂ ಶೇ 49.73ಕ್ಕೆ ನಿಂತುಬಿಟ್ಟರು. ಸುಮಾರು 13,500 ಮತ ಕಡಿಮೆ ಬಿತ್ತು. ಮೊದಲ ಇಬ್ಬರ ನಡುವೆ ಮತ್ತೊಮ್ಮೆ ಚುನಾವಣೆ ನಡೆಯಬೇಕಾಯಿತು. ಅದೇ ರನ್‌ಆಫ್.

ಒಂಬತ್ತು ವಾರಗಳ ನಂತರ, 2021ರ ಜನವರಿ 5ರಂದು, ಅದೇ ಆಸಫ್ 54,944 ಮತಗಳಿಂದ ಗೆದ್ದರು. ಅವರ ಮತವೇನೂ ಏರಿರಲಿಲ್ಲ. ಆಸಫ್ ಅವರ ಮತ 1,04,596ರಷ್ಟು ಕುಸಿದಿತ್ತು; ಪರ್ಡ್ಯೂ ಅವರದು 2,47,638ರಷ್ಟು ಕುಸಿದಿತ್ತು. ರನ್‌ಆಫ್‌ನ ಒಳಗುಟ್ಟು ಈ ಎರಡು ಸಂಖ್ಯೆಗಳಲ್ಲಿದೆ. ಹೊಸ ಮತದಾರರನ್ನು ಒಲಿಸಿಕೊಳ್ಳುವುದಕ್ಕಿಂತ, ಒಮ್ಮೆ ಮತ ಹಾಕಿದವರನ್ನು ಇನ್ನೊಮ್ಮೆ ಮತಗಟ್ಟೆಗೆ ಕರೆತರುವುದೇ ಇಲ್ಲಿ ದೊಡ್ಡ ಕೆಲಸ. ಆ ಒಂಬತ್ತು ವಾರಗಳ ಉದ್ದಕ್ಕೂ ಡೊನಾಲ್ಡ್ ಟ್ರಂಪ್ ಜಾರ್ಜಿಯಾದ ಅಧ್ಯಕ್ಷೀಯ ಫಲಿತಾಂಶ ಮೋಸದ್ದು ಎಂದು ಹೇಳುತ್ತಲೇ ಇದ್ದರು. ಎಣಿಕೆಯನ್ನೇ ನಂಬಬೇಡಿ ಎಂದು ತಮ್ಮವರಿಗೆ ಹೇಳಿ, ಅದೇ ಎಣಿಕೆಗೆ ಮತ್ತೆ ಮತ ಹಾಕಿ ಬನ್ನಿ ಎಂದರೆ ಕೇಳುವವರು ಎಷ್ಟು ಮಂದಿ? ಪರ್ಡ್ಯೂ ಅವರ ಕುಸಿತಕ್ಕೆ ಇದೊಂದೇ ಕಾರಣ ಎನ್ನಲಾಗದು, ಆದರೆ ಇದನ್ನು ಬಿಟ್ಟು ಆ ಸಂಖ್ಯೆಯನ್ನು ವಿವರಿಸುವುದು ನನ್ನ ಮಟ್ಟಿಗೆ ಕಷ್ಟ. ಅದೇ ದಿನ ಇನ್ನೊಂದು ಸ್ಥಾನದಲ್ಲಿ ರಾಫೆಲ್ ವಾರ್ನಾಕ್ ಕೂಡ ಕೆಲ್ಲಿ ಲೋಫ್ಲರ್ ಅವರನ್ನು 93 ಸಾವಿರ ಮತಗಳಿಂದ ಸೋಲಿಸಿದರು. ಸೆನೆಟ್ 50–50 ಆಗಿ, ಉಪಾಧ್ಯಕ್ಷರ ಒಂದು ಮತದಿಂದ ಡೆಮಾಕ್ರಟರ ಕೈಗೆ ಹೋಯಿತು.

ಇನ್ನೊಂದು ವಿಚಿತ್ರ: ಅಧ್ಯಕ್ಷೀಯ ಚುನಾವಣೆಗೆ ಜಾರ್ಜಿಯಾದಲ್ಲಿ ಈ ಅರ್ಧದ ನಿಯಮ ಅನ್ವಯಿಸುವುದಿಲ್ಲ. ಜೋ ಬೈಡನ್ ಕೂಡ ಅರ್ಧ ದಾಟಿರಲಿಲ್ಲ, ಆದರೂ 11,779 ಮತಗಳ ಮುನ್ನಡೆಯೇ ಸಾಕಾಯಿತು. ಒಂದೇ ಮತಪತ್ರ, ಒಂದೇ ದಿನ, ಮೇಲಿನ ಸಾಲಿಗೆ ಒಂದು ನಿಯಮ, ಕೆಳಗಿನ ಸಾಲಿಗೆ ಇನ್ನೊಂದು.

ಈ ನಿಯಮ ಎಲ್ಲಿಂದ ಬಂತು ಎಂಬುದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಜಾರ್ಜಿಯಾದಲ್ಲಿ ನಮ್ಮ ಜಿಲ್ಲೆಯಂಥ 159 ಕೌಂಟಿಗಳಿವೆ. ಹಿಂದೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಮತಗಳನ್ನು ನೇರವಾಗಿ ಕೂಡುತ್ತಿರಲಿಲ್ಲ. ಕೌಂಟಿಗೆ ಇಷ್ಟು ಯೂನಿಟ್ ಎಂದು ಹಂಚಿತ್ತು. ದೊಡ್ಡ 8 ಕೌಂಟಿಗಳಿಗೆ ತಲಾ 6, ನಂತರದ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಅಂದರೆ ಮೂರು ಪುಟ್ಟ ಹಳ್ಳಿಗಾಡಿನ ಕೌಂಟಿಗಳು ಸೇರಿದರೆ ಅಟ್ಲಾಂಟಾದ ಹೆಚ್ಚಿನ ಭಾಗ ಇರುವ ಫುಲ್ಟನ್ ಕೌಂಟಿಗೆ ಸಮ. 1963ರಲ್ಲಿ ಗ್ರೇ ವಿರುದ್ಧ ಸ್ಯಾಂಡರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ಮರುವರ್ಷವೇ ರಾಜ್ಯದ ಶಾಸನಸಭೆ ಅರ್ಧಕ್ಕಿಂತ ಹೆಚ್ಚು ಮತದ ನಿಯಮ ತಂದಿತು. ಅದರ ಮುಂದಾಳು, ಶಾಸಕ ಡೆನ್ಮಾರ್ಕ್ ಗ್ರೂವರ್, 1958ರಲ್ಲಿ ತಾವು ಸೋಲಲು ಕಪ್ಪು ಮತದಾರರು ಒಟ್ಟಾಗಿ ಎದುರಾಳಿಗೆ ಮತ ಹಾಕಿದ್ದೇ ಕಾರಣ ಎಂದು ನಂಬಿದ್ದವರು. ಬಿಳಿಯರ ಮತ ಹಲವರಲ್ಲಿ ಹಂಚಿಹೋಗಿ ಕಪ್ಪು ಮತದಾರರ ಅಭ್ಯರ್ಥಿ ಮುಂದೆ ಬಂದರೂ, ಎರಡನೆಯ ಸುತ್ತಿನಲ್ಲಿ ಬಿಳಿಯರು ಒಂದಾಗಬಹುದು ಎಂಬುದು ಲೆಕ್ಕಾಚಾರ. ತಮ್ಮ ರಾಜಕೀಯದ ಹಿಂದೆ ಜನಾಂಗದ ಉದ್ದೇಶವಿತ್ತೆಂದು ಗ್ರೂವರ್ ಮುಂದೆ ತಾವೇ ಒಪ್ಪಿಕೊಂಡರು.

ಆಮೇಲೆ ಯಾರಿಗೆ ಅನುಕೂಲವೋ ಅವರು ಗೆರೆಯನ್ನು ಎಳೆದಾಡಿದರು. 1992ರಲ್ಲಿ ಡೆಮಾಕ್ರಟಿಕ್ ಸೆನೆಟರ್ ವೈಚ್ ಫೌಲರ್ ಮೊದಲ ಸುತ್ತಿನಲ್ಲಿ ಮುಂದಿದ್ದು ರನ್‌ಆಫ್‌ನಲ್ಲಿ ಪಾಲ್ ಕವರ್‌ಡೆಲ್ ಎದುರು ಸೋತರು. ಆಗ ರಾಜ್ಯವಾಳುತ್ತಿದ್ದ ಡೆಮಾಕ್ರಟರು ಗೆರೆಯನ್ನು ಶೇ 45ಕ್ಕೆ ಇಳಿಸಿದರು. 1996ರಲ್ಲಿ ಅವರದೇ ಮ್ಯಾಕ್ಸ್ ಕ್ಲೀಲ್ಯಾಂಡ್ ಅರ್ಧ ದಾಟದೆಯೇ ಸೆನೆಟ್‌ಗೆ ಹೋದರು. 2005ರಲ್ಲಿ ರಿಪಬ್ಲಿಕನ್ನರು ಅದನ್ನು ಮತ್ತೆ 50ಕ್ಕೆ ಏರಿಸಿದರು. ಸೋತವರಿಗೆ ನಿಯಮದ ಮೇಲೆಯೇ ಅನುಮಾನ ಬರುವುದು ಇಲ್ಲಿಂದ. ಅನುಮಾನ ಹುಟ್ಟುವುದಕ್ಕೆ ಕಾರಣವಿದೆ ಎಂದು ಒಪ್ಪಿಕೊಂಡೇ ಮಾತು ಮುಂದುವರಿಸಬೇಕು. ಆದರೆ ನಿಯಮ ಅನ್ಯಾಯದ್ದು ಎಂಬ ದೂರು ಬೇರೆ, ಎಣಿಕೆ ಸುಳ್ಳು ಎಂಬ ದೂರು ಬೇರೆ. ಎರಡನೆಯದಕ್ಕೆ ಕಾಗದ ತೋರಿಸಬೇಕು.

ಎಣಿಕೆ ನಿಜಕ್ಕೂ ಸುಳ್ಳಾದ ರನ್‌ಆಫ್ ಹೇಗಿರುತ್ತದೆ ಎಂದು ತಿಳಿಯಲು 1948ರ ಟೆಕ್ಸಾಸ್‌ಗೆ ಹೋಗಬೇಕು. ಡೆಮಾಕ್ರಟಿಕ್ ಪಕ್ಷದ ಸೆನೆಟ್ ಪ್ರೈಮರಿಯ ರನ್‌ಆಫ್ ಆಗಸ್ಟ್ 28ಕ್ಕೆ ನಡೆಯಿತು. ಕೋಕ್ ಸ್ಟೀವನ್‌ಸನ್ ಮೊದಲ ಸುತ್ತಿನಲ್ಲಿ ಮುಂದಿದ್ದವರು. ಎದುರಾಳಿ ಲಿಂಡನ್ ಜಾನ್ಸನ್. ಮತದಾನ ಮುಗಿದು ದಿನಗಳಾದ ಮೇಲೆ ಜಿಮ್ ವೆಲ್ಸ್ ಕೌಂಟಿಯ ಅಲಿಸ್ ಊರಿನ 13ನೇ ಪೆಟ್ಟಿಗೆಯಿಂದ ತಿದ್ದಿದ ಲೆಕ್ಕ ಬಂತು. ಜಾನ್ಸನ್ ಅವರ 765 ಮತ 965 ಆಗಿತ್ತು. 7ನ್ನು 9 ಮಾಡಲು ಒಂದು ಸುತ್ತು ಗೆರೆ ಸಾಕು. ಮತ ಹಾಕಿದವರ ಪಟ್ಟಿಯ ಕೊನೆಯಲ್ಲಿ 202 ಹೆಸರು ಹೊಸದಾಗಿ ಸೇರಿದ್ದವು. ಸ್ಟೀವನ್‌ಸನ್ ಕಡೆಯವರು ಊರಿನ ಬ್ಯಾಂಕಿನಲ್ಲಿಟ್ಟಿದ್ದ ಪಟ್ಟಿಯನ್ನು ಕಣ್ಣಾಡಿಸಿದಾಗ ಕಂಡದ್ದು ಇದು: ಆ ಹೆಸರುಗಳ ಶಾಯಿಯ ಬಣ್ಣ ಮೇಲಿನವುಗಳಿಗಿಂತ ಬೇರೆ, ಕೈಬರಹ ಒಂದೇ, ಹೆಸರುಗಳು ಅಕಾರಾದಿಯಲ್ಲಿ. ಮತದಾರರು ಅಕಾರಾದಿಯಲ್ಲಿ ಸಾಲಾಗಿ ಬಂದು ಮತ ಹಾಕುವುದಿಲ್ಲ.

ಸುಮಾರು 9 ಲಕ್ಷ 88 ಸಾವಿರ ಮತಗಳಲ್ಲಿ ಜಾನ್ಸನ್ 87ರಿಂದ ಗೆದ್ದರೆಂದಾಯಿತು. ಪಕ್ಷದ ರಾಜ್ಯ ಸಮಿತಿ ಆ ಫಲಿತಾಂಶವನ್ನು 29–28ರಲ್ಲಿ ಅಂಗೀಕರಿಸಿತು. ಸ್ಟೀವನ್‌ಸನ್ ಫೆಡರಲ್ ಕೋರ್ಟಿನಿಂದ ತಡೆ ತಂದರು; ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಅದನ್ನು ತೆರವು ಮಾಡಿದರು. ಮತಪತ್ರ ಅಚ್ಚಾಗುವ ಹೊತ್ತು ಬಂದಿತ್ತು, ವಿಚಾರಣೆ ಅಲ್ಲಿಗೇ ನಿಂತಿತು. ಆ ಮತಗಟ್ಟೆಯ ಅಧಿಕಾರಿಯಾಗಿದ್ದ ಲೂಯಿಸ್ ಸಾಲಸ್ ಮೋಸವಾದದ್ದನ್ನು ಒಪ್ಪಿಕೊಂಡದ್ದು 1977ರಲ್ಲಿ. ಅಷ್ಟರಲ್ಲಿ ಜಾನ್ಸನ್ ಅಧ್ಯಕ್ಷರಾಗಿ, ನಿವೃತ್ತರಾಗಿ, ತೀರಿಕೊಂಡೂ ಆಗಿತ್ತು.

ಇಂದು ಜಾರ್ಜಿಯಾದಲ್ಲಿ ಹಾಗೆ 200 ಮತ ಸೇರಿಸಬೇಕೆಂದರೆ ಎಷ್ಟು ಕಡೆ ಕೈ ಹಾಕಬೇಕಾಗುತ್ತದೆ ನೋಡಿ. ಮತದಾರರು ಗುರುತಿನ ಚೀಟಿ ತೋರಿಸಿದಾಗ ಟ್ಯಾಬ್ಲೆಟ್‌ನಲ್ಲಿ ಹಾಜರಿ ಬೀಳುತ್ತದೆ. ಕೈಗೆ ಒಂದು ಕಾರ್ಡ್ ಕೊಡುತ್ತಾರೆ; ಅದನ್ನು ಟಚ್‌ಸ್ಕ್ರೀನ್ ಯಂತ್ರಕ್ಕೆ ಹಾಕಿ ಆಯ್ಕೆ ಮಾಡಿದರೆ ಕಾಗದದ ಮತಪತ್ರ ಮುದ್ರಣವಾಗಿ ಬರುತ್ತದೆ. ಅದರ ಮೇಲೆ ಆಯ್ಕೆಗಳು ಅಕ್ಷರದಲ್ಲೂ ಇರುತ್ತವೆ, ಕ್ಯೂಆರ್ ಕೋಡ್‌ನಲ್ಲೂ ಇರುತ್ತವೆ. ಮತದಾರರೇ ಅದನ್ನು ಓದಿ ಸ್ಕ್ಯಾನರ್‌ಗೆ ಹಾಕುತ್ತಾರೆ; ಕಾಗದ ಕೆಳಗಿನ ಬೀಗದ ಪೆಟ್ಟಿಗೆಗೆ ಬೀಳುತ್ತದೆ. ಸಂಜೆ 7ಕ್ಕೆ ಮತದಾನ ಮುಗಿದ ಮೇಲೆ ಪ್ರತಿ ಸ್ಕ್ಯಾನರ್‌ನಿಂದ ಅಂಗಡಿ ಬಿಲ್ಲಿನಂಥ ಉದ್ದನೆಯ ಪಟ್ಟಿ ಹೊರಡುತ್ತದೆ. ಮತಗಟ್ಟೆಯ ಮುಖ್ಯಸ್ಥರು ಮತ್ತು ಇಬ್ಬರು ಸಹಾಯಕರು ಅದರ ಪ್ರತಿಗಳಿಗೆ ಸಹಿ ಹಾಕಬೇಕು. ಹಾಜರಿ ಸಂಖ್ಯೆ, ಸ್ಕ್ಯಾನರ್ ಲೆಕ್ಕ, ಪೆಟ್ಟಿಗೆಯ ಕಾಗದ ಮೂರೂ ತಾಳೆಯಾಗಬೇಕು. ಮೆಮೊರಿ ಕಾರ್ಡ್ ಸಂಖ್ಯೆಯುಳ್ಳ ಸೀಲಿನಡಿ ಕೌಂಟಿ ಕಚೇರಿಗೆ ಹೋಗುತ್ತದೆ.

ತಪ್ಪುಗಳು ಆಗುತ್ತವೆ, ಮತ್ತು ಅವು ಹೆಚ್ಚಾಗಿ ಈ ಕೊನೆಯ ಹಂತದಲ್ಲೇ ಆಗುತ್ತವೆ. 2020ರ ನವೆಂಬರ್‌ನಲ್ಲಿ ಅಧ್ಯಕ್ಷೀಯ ಚುನಾವಣೆಯ ಸುಮಾರು 50 ಲಕ್ಷ ಮತಪತ್ರಗಳನ್ನು ಜಾರ್ಜಿಯಾ ಕೈಯಿಂದ ಎಣಿಸಿತು. ಆಗ ಫ್ಲಾಯ್ಡ್ ಕೌಂಟಿಯಲ್ಲಿ ಸ್ಕ್ಯಾನ್ ಆಗದೆ ಉಳಿದ ಸುಮಾರು 2,600 ಮತಪತ್ರಗಳು ಸಿಕ್ಕವು. ಫಯೆಟ್ ಕೌಂಟಿಯಲ್ಲಿ 2,755 ಮತಗಳಿದ್ದ ಮೆಮೊರಿ ಕಾರ್ಡನ್ನು ಅಪ್‌ಲೋಡ್ ಮಾಡುವುದೇ ಮರೆತಿತ್ತು. ಈ ಮರೆತ ಮತಗಳಲ್ಲಿ ಹೆಚ್ಚಿನವು ಟ್ರಂಪ್‌ಗೆ ಬಿದ್ದಿದ್ದವು, ಅವೂ ಲೆಕ್ಕಕ್ಕೆ ಸೇರಿದವು. ಕೈಎಣಿಕೆಯಲ್ಲಿ ಬೈಡನ್ ಅಂತರ 12,284 ಬಂತು. ನಂತರ ಟ್ರಂಪ್ ಕೇಳಿದ ಯಂತ್ರದ ಮರುಎಣಿಕೆಯಲ್ಲಿ 11,779 ಬಂತು. ಕೈಯಿಂದ ಲಕ್ಷಾಂತರ ಕಾಗದ ಎಣಿಸುವಾಗ ಕಟ್ಟಿನಲ್ಲಿ ಒಂದೆರಡು ಹೆಚ್ಚುಕಮ್ಮಿಯಾಗುವುದು ಸಹಜ; ಮೂರು ಬಾರಿ ಎಣಿಸಿದರೆ ಮೂರು ಸಂಖ್ಯೆ ಬರುತ್ತದೆ. ನೋಡಬೇಕಾದದ್ದು ಗೆದ್ದವರು ಬದಲಾದರೇ ಎಂಬುದನ್ನು. ಬದಲಾಗಲಿಲ್ಲ. 2021ರ ಜನವರಿ 2ರ ಫೋನ್ ಕರೆಯಲ್ಲಿ ಟ್ರಂಪ್ ರಾಜ್ಯದ ಚುನಾವಣೆಗಳ ಹೊಣೆ ಹೊತ್ತ ಸೆಕ್ರೆಟರಿ ಆಫ್ ಸ್ಟೇಟ್ ಬ್ರ್ಯಾಡ್ ರಾಫೆನ್ಸ್‌ಪರ್ಗರ್ ಅವರಿಗೆ ಹುಡುಕಿಕೊಡಿ ಎಂದು ಕೇಳಿದ ಸಂಖ್ಯೆ 11,780. ಅಂತಿಮ ಅಂತರಕ್ಕಿಂತ ಸರಿಯಾಗಿ ಒಂದು ಹೆಚ್ಚು. ರಾಫೆನ್ಸ್‌ಪರ್ಗರ್ ಟ್ರಂಪ್ ಪಕ್ಷದವರೇ. ಅವರು ಒಪ್ಪಲಿಲ್ಲ.

ಸಹಿಯ ವಿಷಯದಲ್ಲೂ ಲೋಪ ಇದೆ. 2020ರ ಮುಂಗಡ ಮತದಾನದ ನೂರಕ್ಕೂ ಹೆಚ್ಚು ಸ್ಕ್ಯಾನರ್ ಪಟ್ಟಿಗಳಿಗೆ ಸಹಿ ಬಿದ್ದಿರಲಿಲ್ಲ ಎಂದು ಫುಲ್ಟನ್ ಕೌಂಟಿ 2025ರ ಕೊನೆಯಲ್ಲಿ ಒಪ್ಪಿಕೊಂಡಿತು. ಇದು ನಿಯಮಭಂಗವೇ, ಸಣ್ಣದೇನಲ್ಲ. ಆದರೆ ಆ ಮತಗಳ ಕಾಗದ ಉಳಿದಿತ್ತು, ಅದನ್ನು ಕೈಯಿಂದಲೂ ಎಣಿಸಲಾಗಿತ್ತು. ಸಹಿ ತಪ್ಪಿದ್ದಕ್ಕೆ ಅಧಿಕಾರಿಯನ್ನು ಹೊಣೆ ಮಾಡಬೇಕು. ಗುರುತು ತೋರಿಸಿ, ಸಾಲಿನಲ್ಲಿ ನಿಂತು ಮತ ಹಾಕಿದವರ ಮತವನ್ನು ಅಳಿಸಲು ಅದು ಕಾರಣವಾಗಬಾರದು. ಎಣಿಕೆ ಟೇಬಲ್‌ನಲ್ಲಿ ಕೂತವರ ಮೇಲೆ ಸುಳ್ಳು ಹೊರಿಸಿದ್ದಕ್ಕೂ ಬೆಲೆಯಿದೆ: ಅಟ್ಲಾಂಟಾದ ಇಬ್ಬರು ಚುನಾವಣಾ ಸಿಬ್ಬಂದಿ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ 2023ರ ಡಿಸೆಂಬರ್‌ನಲ್ಲಿ ಜ್ಯೂರಿ, ಟ್ರಂಪ್ ಪರ ವಕೀಲರಾಗಿದ್ದ ರೂಡಿ ಜುಲಿಯಾನಿ ಅವರು 14.8 ಕೋಟಿ ಡಾಲರ್ ಕೊಡಬೇಕೆಂದಿತು.

ಎಣಿಕೆಯನ್ನು ತಿದ್ದುವುದು ಇಷ್ಟು ಕಷ್ಟವಾದಾಗ ಜಗಳ ಎರಡು ಕಡೆ ಸರಿಯಿತು. ಒಂದು ಕ್ಯಾಲೆಂಡರಿಗೆ, ಇನ್ನೊಂದು ಸಹಿಗೆ.

ಮೊದಲು ಕ್ಯಾಲೆಂಡರ್. 2021ರ ಮಾರ್ಚ್ 25ರಂದು ಗವರ್ನರ್ ಬ್ರಯನ್ ಕೆಂಪ್ ಸಹಿ ಹಾಕಿದ ಎಸ್‌ಬಿ 202 ಎಂಬ ಕಾನೂನು ಒಂಬತ್ತು ವಾರದ ಅಂತರವನ್ನು ನಾಲ್ಕು ವಾರಕ್ಕೆ ಇಳಿಸಿತು. ಕೇಳಲು ಅನುಕೂಲವೇ. ಆದರೆ ಆ 28 ದಿನಗಳಲ್ಲಿ ಏನೇನು ಆಗಬೇಕು? ಕೌಂಟಿಗಳು ಮೊದಲ ಸುತ್ತನ್ನು ಎಣಿಸಿ ದೃಢೀಕರಿಸಬೇಕು. ರಾಜ್ಯ ಅದನ್ನು ಒಟ್ಟುಗೂಡಿಸಬೇಕು. ಹೊಸ ಮತಪತ್ರ ಸಿದ್ಧವಾಗಿ ಯಂತ್ರಗಳ ಪರೀಕ್ಷೆ ಮುಗಿಯಬೇಕು. ಅಂಚೆ ಮತಪತ್ರ ಮನೆಗೆ ಹೋಗಿ, ತುಂಬಿ, ಮತದಾನದ ದಿನ ಸಂಜೆ 7ರೊಳಗೆ ಕೌಂಟಿ ಕಚೇರಿ ತಲುಪಬೇಕು; ಅಂಚೆ ಮುದ್ರೆ ಬಿದ್ದರೆ ಸಾಲದು, ಲಕೋಟೆ ಕೈ ಸೇರಿರಬೇಕು. ನಡುವೆ ಥ್ಯಾಂಕ್ಸ್‌ಗಿವಿಂಗ್ ರಜೆ. ಹೊರದೇಶದಲ್ಲಿರುವ ಸೈನಿಕರಿಗೆ ಎರಡನೆಯ ಮತಪತ್ರ ಕಳಿಸಲು ಹೊತ್ತೇ ಇಲ್ಲವಾದ್ದರಿಂದ ಅವರಿಗೆ ಮೊದಲೇ 1, 2, 3 ಎಂದು ಪ್ರಾಶಸ್ತ್ಯ ಬರೆಯುವ ಮತಪತ್ರ ಕೊಡುತ್ತಾರೆ. ಹೊಸದಾಗಿ ಹೆಸರು ನೋಂದಾಯಿಸುವ ದಾರಿಯೂ ಮುಚ್ಚಿತು: 2022ರ ಡಿಸೆಂಬರ್ 6ರ ರನ್‌ಆಫ್‌ಗೆ ಕೊನೆಯ ದಿನ ನವೆಂಬರ್ 7, ಅಂದರೆ ಮೊದಲ ಸುತ್ತಿನ ಹಿಂದಿನ ದಿನ. ರನ್‌ಆಫ್ ಇದೆ ಎಂದು ತಿಳಿಯುವ ಮೊದಲೇ ಅದರ ಗಡುವು ಮುಗಿದಿತ್ತು.

ಆ ವರ್ಷ ವಾರ್ನಾಕ್ ಮತ್ತು ಹರ್ಶೆಲ್ ವಾಕರ್ ನಡುವೆ ಮತ್ತೆ ರನ್‌ಆಫ್. ಥ್ಯಾಂಕ್ಸ್‌ಗಿವಿಂಗ್ ನಂತರದ ಶನಿವಾರ, ನವೆಂಬರ್ 26ಕ್ಕೆ, ಮುಂಗಡ ಮತದಾನ ನಡೆಸಬಹುದೇ ಎಂಬುದೇ ಕೋರ್ಟಿಗೆ ಹೋಯಿತು. ರಜೆಯ ಮರುದಿನಗಳಲ್ಲಿ ಶನಿವಾರದ ಮತದಾನ ಇಲ್ಲ ಎಂಬ ಸಾಲನ್ನು ಹಿಡಿದು ರಾಫೆನ್ಸ್‌ಪರ್ಗರ್ ಕಚೇರಿ ಬೇಡವೆಂದಿತು. ಆ ಸಾಲು ರನ್‌ಆಫ್‌ಗೆ ಅನ್ವಯಿಸದು ಎಂದು ಫುಲ್ಟನ್ ಕೌಂಟಿ ನ್ಯಾಯಾಲಯ ಹೇಳಿತು. ರಾಜ್ಯದ ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ. ಆ ಒಂದು ಶನಿವಾರ ಸುಮಾರು 70 ಸಾವಿರ ಮಂದಿ ಮತ ಹಾಕಿದರು. ಕೊನೆಗೆ ವಾರ್ನಾಕ್ ಗೆದ್ದ ಅಂತರ ಸುಮಾರು 99 ಸಾವಿರ. ವಾಕರ್ ಅದೇ ರಾತ್ರಿ ಸೋಲೊಪ್ಪಿದರು.

ಗಡುವು ಸೋತವರನ್ನೂ ಬಿಡುವುದಿಲ್ಲ. 2014ರ ಮಿಸಿಸಿಪ್ಪಿಯ ರಿಪಬ್ಲಿಕನ್ ಪ್ರೈಮರಿಯಲ್ಲಿ ಕ್ರಿಸ್ ಮ್ಯಾಕ್‌ಡೇನಿಯಲ್ ಮೊದಲ ಸುತ್ತಿನಲ್ಲಿ ತುಸು ಮುಂದಿದ್ದರು. ಜೂನ್ 24ರ ರನ್‌ಆಫ್‌ನಲ್ಲಿ ಹಿರಿಯ ಸೆನೆಟರ್ ಥ್ಯಾಡ್ ಕಾಕ್ರನ್ ಎದುರು 7,667 ಮತಗಳಿಂದ ಸೋತರು. ಡೆಮಾಕ್ರಟರ ಪ್ರೈಮರಿಯಲ್ಲಿ ಮತ ಹಾಕಿದವರು ರಿಪಬ್ಲಿಕನ್ ರನ್‌ಆಫ್‌ನಲ್ಲಿ ಹಾಕುವಂತಿಲ್ಲ, ಆದರೂ ಹಾಕಿದ್ದಾರೆ ಎಂಬುದು ಮ್ಯಾಕ್‌ಡೇನಿಯಲ್ ದೂರು. ಕೇಳತಕ್ಕ ದೂರೇ ಅದು, ಮತಗಟ್ಟೆಯ ಹಾಜರಿ ಪುಸ್ತಕ ತೆರೆದು ತಾಳೆ ನೋಡಬಹುದಾದದ್ದು. ಆದರೆ ಅವರು ಪಕ್ಷಕ್ಕೆ ಅರ್ಜಿ ಕೊಟ್ಟದ್ದು 41 ದಿನಗಳ ಮೇಲೆ. 20 ದಿನಗಳೊಳಗೆ ಕೊಡಬೇಕಿತ್ತು ಎಂದು ರಾಜ್ಯದ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ದೂರಿನ ಒಳಗೇನಿದೆ ಎಂಬ ವಿಚಾರಣೆ ನಡೆಯಲೇ ಇಲ್ಲ. ನಮ್ಮಲ್ಲಿ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಲು 45 ದಿನ ಇದೆ, ಅದೂ ದೇಶಕ್ಕೆಲ್ಲ ಒಂದೇ. ಅಲ್ಲಿ ರಾಜ್ಯಕ್ಕೊಂದು ಲೆಕ್ಕ.

ಸಹಿಯ ಜಗಳ ಇದಕ್ಕಿಂತ ಹೊಸದು, ಮತ್ತು ನನಗೆ ಹೆಚ್ಚು ಕಳವಳ ತರುವುದು ಇದೇ. ಭಾರತದಲ್ಲಿ ಎಣಿಕೆ ಮುಗಿದ ಕೂಡಲೇ ಚುನಾವಣಾಧಿಕಾರಿ ಫಲಿತಾಂಶ ಘೋಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಅಮೆರಿಕದಲ್ಲಿ ಆ ರಾತ್ರಿ ಟಿವಿಯವರು ಗೆದ್ದರು ಎನ್ನುವುದಕ್ಕೂ, ಸೋತವರು ಫೋನ್ ಮಾಡಿ ಅಭಿನಂದಿಸುವುದಕ್ಕೂ ಕಾನೂನಿನಲ್ಲಿ ಬೆಲೆಯಿಲ್ಲ. ಜಾರ್ಜಿಯಾದಲ್ಲಿ ಮತದಾನದ ಮುಂದಿನ ಸೋಮವಾರ ಸಂಜೆ 5ರೊಳಗೆ ಪ್ರತಿ ಕೌಂಟಿಯ ಚುನಾವಣಾ ಮಂಡಳಿ ಲೆಕ್ಕವನ್ನು ದೃಢೀಕರಿಸಬೇಕು. ಆಮೇಲೆ ಸೆಕ್ರೆಟರಿ ಆಫ್ ಸ್ಟೇಟ್. ಅಂತರ ಶೇ 0.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸೋತವರು ಎರಡು ಕೆಲಸದ ದಿನಗಳೊಳಗೆ ಮರುಎಣಿಕೆ ಕೇಳಬಹುದು. ಮೋಸವಾಗಿದೆ ಎಂಬವರಿಗೆ ಕೋರ್ಟಿನ ಬಾಗಿಲು ತೆರೆಯುವುದು ದೃಢೀಕರಣದ ನಂತರ. ಅಂದರೆ ದೃಢೀಕರಣ ನಿಲ್ಲಿಸಿದರೆ ಸೋತವರ ದಾರಿಯೂ ಮುಚ್ಚುತ್ತದೆ.

2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾದ ರಾಜ್ಯ ಚುನಾವಣಾ ಮಂಡಳಿ ಹೊಸ ನಿಯಮಗಳನ್ನು ತಂದಿತು. ಕೌಂಟಿ ಸದಸ್ಯರು ಸಹಿ ಹಾಕುವ ಮೊದಲು ‘ಸಮಂಜಸ ವಿಚಾರಣೆ’ ನಡೆಸಬಹುದು ಎಂಬುದು ಒಂದು. ಯಾವುದು ಸಮಂಜಸ, ಎಷ್ಟು ದಿನ ಎಂಬ ಮಾತೇ ಅದರಲ್ಲಿಲ್ಲ. ಮತದಾನದ ರಾತ್ರಿಯೇ ಮೂವರು ಸಿಬ್ಬಂದಿ ಮತಪತ್ರಗಳನ್ನು 50ರ ಕಟ್ಟು ಮಾಡಿ ಕೈಯಿಂದ ಎಣಿಸಬೇಕು ಎಂಬುದು ಇನ್ನೊಂದು. ಬೆಳಗಿನಿಂದ ದುಡಿದವರು ರಾತ್ರಿ ಸೀಲು ಒಡೆದು ಪೆಟ್ಟಿಗೆಯ ಕಾಗದ ಹರವಿದರೆ ಕಳೆಯುವ, ಕಲಸಿಹೋಗುವ ಅಪಾಯವೇ ಹೆಚ್ಚು. ಅಕ್ಟೋಬರ್ ಮಧ್ಯದಲ್ಲಿ ನ್ಯಾಯಾಧೀಶ ರಾಬರ್ಟ್ ಮ್ಯಾಕ್‌ಬರ್ನಿ, ದೃಢೀಕರಣ ಕಡ್ಡಾಯ, ಅನುಮಾನವಿದ್ದರೆ ಅದನ್ನು ಕೋರ್ಟಿಗೂ ತನಿಖಾಧಿಕಾರಿಗೂ ತಿಳಿಸಿ ಸಹಿ ಹಾಕಿ ಎಂಬ ಅರ್ಥದ ತೀರ್ಪು ಕೊಟ್ಟರು. ಅದೇ ವಾರ ಇನ್ನೊಬ್ಬ ನ್ಯಾಯಾಧೀಶರು ಏಳು ನಿಯಮಗಳನ್ನು ರದ್ದು ಮಾಡಿದರು. ಆ ಎರಡು ಮುಖ್ಯ ನಿಯಮಗಳನ್ನು ರಾಜ್ಯದ ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿಯಲಿಲ್ಲ.

ಸಹಿ ತಡೆದರೆ ಎಷ್ಟು ಎಳೆಯಬಹುದು ಎಂಬುದಕ್ಕೆ ಪಕ್ಕದ ನಾರ್ತ್ ಕ್ಯಾರೊಲಿನಾ ನೋಡಿ. ಅದು ರನ್‌ಆಫ್ ಅಲ್ಲ, ಆದರೆ ಕೂದಲೆಳೆಯ ಅಂತರದ್ದು. 2024ರಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಆಲಿಸನ್ ರಿಗ್ಸ್ ಸುಮಾರು 55 ಲಕ್ಷ ಮತಗಳಲ್ಲಿ 734ರಿಂದ ಮುಂದೆ ಬಂದರು. ಎರಡು ಮರುಎಣಿಕೆಯಲ್ಲೂ ಅವರೇ ಮುಂದೆ. ಎದುರಾಳಿ ಜೆಫರ್ಸನ್ ಗ್ರಿಫಿನ್ ಆಗ ಎಣಿಕೆ ಬಿಟ್ಟು ಮತದಾರರನ್ನೇ ಪ್ರಶ್ನಿಸಿದರು: 60 ಸಾವಿರಕ್ಕೂ ಹೆಚ್ಚು ಮಂದಿಯ ನೋಂದಣಿ ದಾಖಲೆಯಲ್ಲಿ ಚಾಲನಾ ಪರವಾನಗಿ ಅಥವಾ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕಾಣುತ್ತಿಲ್ಲ, ಹೊರದೇಶದಿಂದ ಹಾಕಿದವರು ಫೋಟೊ ಗುರುತು ಕೊಟ್ಟಿಲ್ಲ, ಅವರ ಮತ ಕಳೆಯಿರಿ ಎಂದು. ಆ ಮತದಾರರು ಅಂದಿನ ನಿಯಮದ ಪ್ರಕಾರವೇ ನಡೆದುಕೊಂಡಿದ್ದರು. ಎಷ್ಟೋ ಮಂದಿಯ ದಾಖಲೆಯಲ್ಲಿ ಸಂಖ್ಯೆ ಬಿಟ್ಟುಹೋದದ್ದು ಕಚೇರಿಯ ಕಡೆಯಿಂದ. 2025ರ ಮೇ 5ರಂದು ಫೆಡರಲ್ ನ್ಯಾಯಾಧೀಶ ರಿಚರ್ಡ್ ಮೈಯರ್ಸ್, ಆಟ ಮುಗಿದ ಮೇಲೆ ನಿಯಮ ಬದಲಿಸುವಂತಿಲ್ಲ ಎಂಬ ನೆಲೆಯಲ್ಲಿ ರಿಗ್ಸ್ ಪರ ತೀರ್ಪಿತ್ತರು. ಅವರನ್ನು ನೇಮಿಸಿದ್ದು ಟ್ರಂಪ್. ಎರಡು ದಿನಗಳ ನಂತರ ಗ್ರಿಫಿನ್ ಸೋಲೊಪ್ಪಿದರು. ಮತದಾನವಾಗಿ ಆರು ತಿಂಗಳಾಗಿತ್ತು.

ಅಧ್ಯಕ್ಷೀಯ ಚುನಾವಣೆಯ ಮಟ್ಟಿಗೆ 2022ರ ಕೊನೆಯಲ್ಲಿ ಬಂದ ಕಾನೂನು ಕೆಲವು ಕಿಂಡಿ ಮುಚ್ಚಿದೆ. ಹಿಂದೆ ಒಬ್ಬ ಸೆನೆಟರ್, ಒಬ್ಬ ಪ್ರತಿನಿಧಿ ಸೇರಿ ಒಂದು ರಾಜ್ಯದ ಫಲಿತಾಂಶಕ್ಕೆ ಸಂಸತ್ತಿನಲ್ಲಿ ಆಕ್ಷೇಪ ಎತ್ತಬಹುದಿತ್ತು. ಈಗ ಎರಡೂ ಸದನಗಳಲ್ಲಿ ತಲಾ ಐದನೇ ಒಂದು ಭಾಗ ಬೇಕು. ಸೆನೆಟ್, ಗವರ್ನರ್ ಸ್ಥಾನಗಳಿಗೆ ಅಂಥ ರಕ್ಷಣೆ ಇಲ್ಲ. ಅವು ರಾಜ್ಯದ ಕಾನೂನು, ಕೌಂಟಿಯ ಮೇಜಿನ ಮೇಲೆಯೇ ನಿಂತಿವೆ.

ಎರಡು ಸುತ್ತಿನ ಬದಲು ಒಂದೇ ಮತಪತ್ರದಲ್ಲಿ ಪ್ರಾಶಸ್ತ್ಯ ಬರೆಸಿ ಎಂಬ ಸಲಹೆ ಇದೆ; ಮೇನ್ ರಾಜ್ಯದಲ್ಲಿ ಅದು ಜಾರಿಯಲ್ಲಿದೆ. ಕ್ಯಾಲೆಂಡರಿನ ತೊಂದರೆ ಅದರಿಂದ ಪೂರ್ತಿ ತಪ್ಪುತ್ತದೆ. ಒಪ್ಪದಿರುವವರ ತೊಂದರೆ ತಪ್ಪುವುದಿಲ್ಲ: 2018ರಲ್ಲಿ ಅಲ್ಲಿ ಮೊದಲ ಪ್ರಾಶಸ್ತ್ಯದಲ್ಲಿ ಮುಂದಿದ್ದ ಬ್ರೂಸ್ ಪೊಲಿಕ್ವಿನ್, ಎರಡನೆಯ ಪ್ರಾಶಸ್ತ್ಯ ಸೇರಿ ಜೇರೆಡ್ ಗೋಲ್ಡನ್ ಗೆದ್ದಾಗ ಆ ಪದ್ಧತಿಯೇ ಸಂವಿಧಾನಬಾಹಿರ ಎಂದು ಕೋರ್ಟಿಗೆ ಹೋಗಿ ಸೋತರು.

ಆಸಫ್ ಅವರ ಸ್ಥಾನದ ಆರು ವರ್ಷದ ಅವಧಿಯ ಚುನಾವಣೆ 2026ರ ನವೆಂಬರ್ 3ಕ್ಕೆ ನಿಗದಿಯಾಗಿದೆ. ಕೌಂಟಿಗಳ ಸಹಿಗೆ ಗಡುವು ನವೆಂಬರ್ 9ರ ಸಂಜೆ 5. ಯಾರೂ ಅರ್ಧ ದಾಟದಿದ್ದರೆ ರನ್‌ಆಫ್ ಡಿಸೆಂಬರ್ 1ಕ್ಕೆ. ಥ್ಯಾಂಕ್ಸ್‌ಗಿವಿಂಗ್ ಅದಕ್ಕೆ ಐದು ದಿನ ಮುಂಚೆ. ಅಟ್ಲಾಂಟಾದ ಸುತ್ತ ನೆಲೆಸಿ ಪೌರತ್ವ ಪಡೆದ ಕನ್ನಡಿಗರು ಅಂಚೆಯಲ್ಲಿ ಮತ ಹಾಕುವವರಾದರೆ ಒಂದನ್ನು ಗಮನಿಸಬೇಕು: 65 ತುಂಬಿದವರು, ಅಂಗವಿಕಲರು, ಸೇನೆಯಲ್ಲಿರುವವರನ್ನು ಬಿಟ್ಟರೆ ಉಳಿದವರಿಗೆ ನವೆಂಬರ್‌ನ ಅರ್ಜಿ ಡಿಸೆಂಬರ್‌ಗೆ ನಡೆಯುವುದಿಲ್ಲ. ರನ್‌ಆಫ್‌ಗೆ ಬೇರೆ ಅರ್ಜಿ ಹಾಕಬೇಕು, ಅದು ಮತದಾನಕ್ಕೆ 11 ದಿನ ಮೊದಲೇ ಕೌಂಟಿ ಕಚೇರಿ ತಲುಪಿರಬೇಕು.